ಮಳೆ ಹಿಡಿಯುವ ಮುನ್ನ, ಸಕಲೇಶಪುರದ ಹೋಂಸ್ಟೇಯಲ್ಲೊಂದು ದಿನ

ಮೇ ಕೊನೆಯ ವಾರ. ಸಕಲೇಶಪುರದಿಂದ ಒಳಗೆ, ಕಾಫಿ ತೋಟದ ನಡುವೆ ಹಳೇ ಹೆಂಚಿನ ಮನೆ. ಮನೆಯವರು ಇರುವುದು 220 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಎರಡು ರೂಮನ್ನು ವಾರಾಂತ್ಯಕ್ಕೆ ಬಾಡಿಗೆಗೆ ಕೊಡುತ್ತಾರೆ. ಅಲ್ಲಿಂದಲೇ ಫೋನಿನಲ್ಲಿ ಮನೆ ನೋಡಿಕೊಳ್ಳಲು ಬೇಕಾದ ಸ್ಮಾರ್ಟ್ ಉಪಕರಣಗಳನ್ನು ಜೋಡಿಸುವುದು ನಮ್ಮ ಕೆಲಸ. ಅವರು ಕೊಟ್ಟ ಪಟ್ಟಿಯಲ್ಲಿ ಬಣ್ಣ ಬದಲಿಸುವ ಬಲ್ಬು, ಮಾತು ಕೇಳುವ ಸ್ಪೀಕರ್ ಮೊದಲಿದ್ದವು, ಬಾಗಿಲ ಬೀಗ ಕೊನೆಗೆ. ಕೆಲಸ ಶುರುವಾಗಿದ್ದು ಮಾತ್ರ ಮೀಟರ್ ಬೋರ್ಡಿನಿಂದ.

ಇಡೀ ಮನೆಗೆ ಇದ್ದದ್ದು ಕರೆಂಟ್ ಸೋರಿದರೆ ತಾನೇ ಕಡಿಯುವ, 30 ಮಿಲಿಆಂಪಿನ ಒಂದೇ ಆರ್‌ಸಿಸಿಬಿ. ಅಂಗಳದ ದೀಪದ ಜಾಯಿಂಟಿಗೆ ಮಳೆನೀರು ಇಳಿದರೆ ಸಾಕು, ಅದು ಟ್ರಿಪ್ ಆಗಿ ರೌಟರ್ ಸಮೇತ ಎಲ್ಲವೂ ಆರುತ್ತದೆ. ಬೆಂಗಳೂರಿನ ಫೋನಿನಲ್ಲಿ ಕಾಣುವುದು 'ಆಫ್‌ಲೈನ್' ಎಂಬ ಒಂದೇ ಮಾತು, ಇಲ್ಲಿ ಲಿವರ್ ಎತ್ತಲು ಮನುಷ್ಯನ ಕೈಯೇ ಬೇಕು. ಹಾಗಾಗಿ ಹೊರಗಿನ ದೀಪಗಳನ್ನು, ಸೋರಿಕೆಯಾದರೆ ತನ್ನ ಸಾಲನ್ನಷ್ಟೇ ಕಡಿಯುವ ಒಂದು ಆರ್‌ಸಿಬಿಒಗೆ, ರೌಟರ್ ಮತ್ತು ಫೈಬರ್ ಡಬ್ಬಿಯನ್ನು 6 ಆಂಪಿನ ಇನ್ನೊಂದಕ್ಕೆ ಬೇರ್ಪಡಿಸಿದೆವು. ಈಗ ಅಂಗಳದ ದೀಪ ಟ್ರಿಪ್ ಆದರೆ ಅಂಗಳ ಮಾತ್ರ ಕತ್ತಲು. ಸಿಡಿಲಿನ ಊರಾದ್ದರಿಂದ, ತಂತಿಯಲ್ಲಿ ನುಗ್ಗುವ ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಕೂಡ ಹಾಕಿದ್ದಾಯಿತು. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಮೊದಲು ಅರ್ಥ್ ಪಿಟ್ ನೋಡಿ, ಸಡಿಲವಾಗಿದ್ದ ಬೋಲ್ಟ್ ಬಿಗಿ ಮಾಡಬೇಕಾಯಿತು.

ರೌಟರಿಗೆ ಅಂಗಡಿಯ 'ಮಿನಿ ಯುಪಿಎಸ್' ಆಗಲೇ ಇತ್ತು, ಮೇಲೆ 10,000 ಎಂಎಎಚ್ ಅಂತ ಬರೆದಿತ್ತು. ಆ ಲೆಕ್ಕ 3.7 ವೋಲ್ಟಿನ ಸೆಲ್ಲಿನದು, ಅಂದರೆ 37 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಹೋಗುವುದು ಹೋಗಿ ಸುಮಾರು 30 ಸಿಗಬಹುದು. ಎರಡು ಡಬ್ಬಿ ಸೇರಿ 12 ವ್ಯಾಟ್ ಎಳೆದರೆ ಎರಡೂವರೆ ಗಂಟೆಯ ಮಾತು. ಮಲೆನಾಡಿನ ಜುಲೈಗೆ ಅದು ಸಾಲದು. 12.8 ವೋಲ್ಟ್, 12 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಟ್ಟರೆ ಹತ್ತು ಗಂಟೆ ದಾಟುತ್ತದೆ. ಚಾರ್ಜ್ ಆಗುವಾಗ ಇದರ ವೋಲ್ಟೇಜ್ 14.6ರವರೆಗೆ ಏರುವುದರಿಂದ, ನಡುವೆ 12 ವೋಲ್ಟಿಗೆ ಹಿಡಿದು ನಿಲ್ಲಿಸುವ ಕನ್ವರ್ಟರ್ ಬೇಕೇಬೇಕು.

ಬಚ್ಚಲ ಮನೆಯ ಗೀಸರಿಗೆ ಯಾರೋ 10 ಆಂಪಿನ ಸ್ಮಾರ್ಟ್ ಪ್ಲಗ್ ಸಿಕ್ಕಿಸಿಟ್ಟಿದ್ದರು. ಕಿತ್ತು ನೋಡಿದರೆ ಲೈನ್ ಪಿನ್ನಿನ ಸುತ್ತ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಮೂಗಿಗೆ ಹಿಡಿದರೆ ಸುಟ್ಟ ವಾಸನೆ. 2 ಕಿಲೋವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 8.7 ಆಂಪ್ ಎಳೆಯುತ್ತದೆ. ಕಾಗದದ ಮೇಲೆ ಸರಿ, ಆದರೆ ಹಳೇ ಸಾಕೆಟ್ಟಿನ ಸಡಿಲ ಹಿಡಿತದಲ್ಲಿ ಬಿಸಿ ಕಟ್ಟಿಕೊಳ್ಳುತ್ತದೆ. ಸಾಕೆಟ್ಟನ್ನೂ ಬದಲಿಸಿ, 16 ಆಂಪಿನ ಸ್ಮಾರ್ಟ್ ರಿಲೇ, ಅಂದರೆ ಫೋನಿನಿಂದ ನಡೆಯುವ ಸ್ವಿಚ್, ಹಾಕಿದೆವು.

ಗೀಸರಿನ ವಿಷಯದಲ್ಲಿ ಹೊಸಬರು ತಪ್ಪುವುದು ಆಫ್ ಟೈಮರಿನಲ್ಲಿ. ಫೋನಿನಿಂದ ಆನ್ ಮಾಡಿ, ಆಫ್ ಮಾಡುವ ಹೊತ್ತಿಗೆ ನೆಟ್ ಹೋದರೆ ಆ ಆಜ್ಞೆ ತಲುಪುವುದೇ ಇಲ್ಲ. '40 ನಿಮಿಷಕ್ಕೆ ತಾನೇ ಆರು' ಎಂಬ ಸೆಟ್ಟಿಂಗ್ ರಿಲೇಯ ಒಳಗೇ ಇರಬೇಕು, ಕ್ಲೌಡಿನಲ್ಲಿ ಅಲ್ಲ. 15 ಲೀಟರ್ ನೀರನ್ನು 18 ಡಿಗ್ರಿಯಿಂದ 55ಕ್ಕೆ ಏರಿಸಲು 2 ಕಿಲೋವ್ಯಾಟಿಗೆ ಸುಮಾರು 20 ನಿಮಿಷ ಬೇಕು, 40 ಧಾರಾಳವಾಯಿತು. ಕರೆಂಟ್ ಹೋಗಿ ಬಂದಾಗ ರಿಲೇ ಯಾವ ಸ್ಥಿತಿಯಲ್ಲಿ ಏಳಬೇಕು ಎನ್ನುವುದನ್ನೂ ಅಲ್ಲೇ ಹೇಳಬೇಕು: ಗೀಸರಿಗೆ 'ಆಫ್', ಗೇಟಿನ ದೀಪಕ್ಕೆ 'ಹಿಂದಿನ ಸ್ಥಿತಿ'.

ಪಂಪಿನ ಕಥೆ ಬೇರೆ. 1 ಎಚ್‌ಪಿ ಮೋಟರ್ ಓಡುವಾಗ 5-6 ಆಂಪ್, ಹೊರಡುವಾಗ ಅದರ ಐದಾರು ಪಟ್ಟು. ಆ ಏಟಿಗೆ ಸಣ್ಣ ರಿಲೇಯ ಕಾಂಟ್ಯಾಕ್ಟು ಬೆಸೆದುಕೊಂಡರೆ, ಫೋನಿನಲ್ಲಿ ಆಫ್ ಅಂತ ಕಂಡರೂ ಮೋಟರ್ ಓಡುತ್ತಲೇ ಇರುತ್ತದೆ. ಆದ್ದರಿಂದ ಮೋಟರಿಗೆ 25 ಆಂಪಿನ ಎಸಿ-3 ಕಾಂಟ್ಯಾಕ್ಟರ್, ಮೋಟರ್ ಹೊರಡುವ ಏಟು ತಾಳುವಂಥ ದೊಡ್ಡ ಸ್ವಿಚ್. ಸ್ಮಾರ್ಟ್ ರಿಲೇ ನಡೆಸುವುದು ಆ ಸ್ವಿಚ್ಚನ್ನು ಎಳೆಯುವ ಕಾಯಿಲನ್ನು ಮಾತ್ರ. ಟ್ಯಾಂಕಿನ ನೀರಿನ ಮೇಲೆ ತೇಲುವ ಫ್ಲೋಟ್ ಸ್ವಿಚ್ಚನ್ನು ಅದೇ ಕಾಯಿಲಿನ ಸಾಲಿನಲ್ಲಿ ಸೇರಿಸಿದರೆ, ನೆಟ್ ಇರಲಿ ಬಿಡಲಿ, ಟ್ಯಾಂಕ್ ತುಂಬಿದ ಕೂಡಲೇ ನಿಲ್ಲುತ್ತದೆ.

ಜೋಡಣೆಯಲ್ಲಿ ಒಂದು ಗಂಟೆ ತಿಂದದ್ದು ವೈಫೈ. ಈ ರಿಲೇಗಳಿಗೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಮಾತ್ರ. ರೌಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರಿಟ್ಟಿತ್ತು, ಫೋನು 5ರಲ್ಲಿ ಕೂತಿತ್ತು. ಬೇರೆ ಹೆಸರು ಕೊಟ್ಟ ಮೇಲೆ ಒಂದೊಂದೇ ಸೇರಿಕೊಂಡವು.

ಬೀಗಕ್ಕೆ ಕೈ ಹಾಕುವಾಗ ಮಧ್ಯಾಹ್ನ ಮೂರು. ಪಿನ್ ಬೀಗವನ್ನೇ ಆರಿಸಿದ್ದು, ನೆಟ್ ಇಲ್ಲದಾಗಲೂ ಕೀಪ್ಯಾಡ್ ತೆರೆಯುತ್ತದೆ ಅಂತ. ಪ್ರತಿ ಅತಿಥಿಗೂ ಬೇರೆ ಪಿನ್, ಹೊರಡುವ ದಿನ 11 ಗಂಟೆಗೆ ಅದು ಸಾಯಬೇಕು. ತೊಂದರೆ ಇದ್ದದ್ದು ಬಾಗಿಲಿನಲ್ಲಿ. ಹಲಸಿನ ಮರದ ಬಾಗಿಲು, ಮಳೆಗಾಲದಲ್ಲಿ ಉಬ್ಬುತ್ತದೆ ಅಂತ ತೋಟ ನೋಡಿಕೊಳ್ಳುವವರು ಮೊದಲೇ ಹೇಳಿದ್ದರು. ಬೋಲ್ಟಿನ ತುದಿಗೆ ಸೀಮೆಸುಣ್ಣ ಬಳಿದು ಬೀಗ ಹಾಕಿ ತೆಗೆದರೆ, ಚೌಕಟ್ಟಿನ ಪಟ್ಟಿಯ ಕೆಳ ಅಂಚಿನಲ್ಲಿ ಬಿಳಿ ಗೆರೆ. ಬೇಸಿಗೆಯಲ್ಲೇ ಉಜ್ಜುತ್ತಿದೆ, ಜುಲೈನಲ್ಲಿ ಬೋಲ್ಟು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬೀಗದೊಳಗಿನ ಮೋಟರ್ ತಿಣುಕಿ ತಿಣುಕಿ ಬ್ಯಾಟರಿ ತಿನ್ನುತ್ತದೆ. ಪಟ್ಟಿಯ ತೂತನ್ನು ಕೆಳಗೂ ಪಕ್ಕಕ್ಕೂ 3 ಮಿಲಿಮೀಟರ್ ಅರದಿಂದ ಉಜ್ಜಿ ಹಿಗ್ಗಿಸಿದೆವು. ಒಳಗೆ ನಾಲ್ಕು ಆಲ್ಕಲೈನ್ ಎಎ ಸೆಲ್. ರೀಚಾರ್ಜ್ ಸೆಲ್ 1.2 ವೋಲ್ಟಿನದಾದ್ದರಿಂದ 'ಬ್ಯಾಟರಿ ಮುಗಿಯುತ್ತಿದೆ' ಎಂಬ ಎಚ್ಚರಿಕೆಯ ಲೆಕ್ಕ ತಪ್ಪುತ್ತದೆ. ಲೋಹದ ಬೀಗದ ಕೈ ಒಂದು, ತೋಟದ ಕೆಲಸಗಾರರು ಇರುವ ಲೈನ್ ಮನೆಯಲ್ಲಿ ಇರಲೇಬೇಕು.

ಕ್ಯಾಮೆರಾ ಒಂದೇ, ಗೇಟಿನ ಕಡೆ ಮುಖ ಮಾಡಿ. ಮನೆಯೊಳಗೆ ಕ್ಯಾಮೆರಾ ಬೇಡವೇ ಬೇಡ. ಏರ್‌ಬಿಎನ್‌ಬಿ ಕೂಡ 2024ರ ಏಪ್ರಿಲ್ 30ರಿಂದ ಅದನ್ನು ನಿಷೇಧಿಸಿದೆ. ಹೊರಗಿನದು ಇದೆ ಅಂತ ಅತಿಥಿಗೆ ಮುಂಚೆಯೇ ಬರೆದು ತಿಳಿಸಬೇಕು.

ಸಂಜೆ ಐದೂವರೆಗೆ, ಗೀಸರ್ ಆನ್ ಇದ್ದಾಗಲೇ ಮೇನ್ ಕೆಳಗಿಳಿಸಿದೆವು. ರೌಟರಿನ ದೀಪ ಉರಿಯುತ್ತಲೇ ಇತ್ತು, ಬಾಗಿಲು ಪಿನ್ನಿಗೆ ತೆರೆಯಿತು. ಆಮೇಲೆ ಫೈಬರ್ ತಂತಿಯನ್ನೂ ಕಿತ್ತು ಇನ್ನೊಮ್ಮೆ ಒತ್ತಿದೆವು, ಆಗಲೂ ತೆರೆಯಿತು. ತಂತಿ ಸಿಕ್ಕಿಸಿ, ಅರ್ಧ ಗಂಟೆ ಕಾದು ಮೇನ್ ಏರಿಸಿದಾಗ ಗೇಟಿನ ದೀಪ ಹತ್ತಿತು, ಗೀಸರ್ ಆರಿಯೇ ಇತ್ತು. ಬೋರ್ಡಿನ ಪ್ರತಿ ಬ್ರೇಕರಿಗೂ ಕನ್ನಡದಲ್ಲಿ ಚೀಟಿ ಅಂಟಿಸುತ್ತಿದ್ದೆವು, 'ಅಂಗಳ', 'ಪಂಪು', 'ರೌಟರ್, ಮುಟ್ಟಬೇಡಿ'. ಹೊರಗೆ ಹೆಂಚಿನ ಮೇಲೆ ಮೊದಲ ಹನಿಗಳ ಸದ್ದು ಶುರುವಾಗಿತ್ತು.