ಅವ್ವನ ಬೋರಮಾಳ, ತಂಗಿಯ ಪಾಟ್ಲಿ

ಹೋದ ತಿಂಗಳು ಅವ್ವನ ಹಳೇ ಬೋರಮಾಳ ಅಂಗಡಿಗೆ ಕೊಟ್ಟು ತಂಗಿಗೆ ಪಾಟ್ಲಿ ಬಳೆ ತರಲು ಗದಗದಿಂದ ಹುಬ್ಬಳ್ಳಿಗೆ ಹೋಗಿದ್ದೆವು. ತಕ್ಕಡಿಯಲ್ಲಿ ಸರ 22 ಗ್ರಾಂ ತೂಗಿತು. ಕರಗಿಸಿದ ಮೇಲೆ 13! ಅವ್ವನ ಮುಖ ಸಣ್ಣದಾಯಿತು. ಮೋಸ ಅಂತ ನಾನು ಜಗಳಕ್ಕೇ ನಿಂತೆ. ಆಮೇಲೆ ತಿಳಿಯಿತು, ಬೋರಮಾಳದ ಗುಂಡು ಟೊಳ್ಳು, ಒಳಗೆ ಅರಗು ತುಂಬಿರುತ್ತಾರೆ. "ಮಾಡಿಕೊಟ್ಟ ಪತ್ತಾರ ಒಂದ್ ಮಾತ್ ಹೇಳಿರ್ಲಿಲ್ಲ ನೋಡವಾ" ಅಂದಳು ಅವ್ವ. ಬಂಗಾರವೇನೋ ಚೊಕ್ಕ ಇತ್ತು.

ಪಾಟ್ಲಿ ಕೊಳ್ಳುವಾಗ ನಾನು ಮೊದಲು ಕೇಳಿದ್ದೇ ಭೂತಗನ್ನಡಿ. ಒಳಮೈಯಲ್ಲಿ ಹಾಲ್‌ಮಾರ್ಕ್, ಅಂದರೆ ಶುದ್ಧತೆ ಸಾರುವ ಮೂರು ಗುರುತು ಇರಬೇಕು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತ್ರಿಕೋನ, 22ಕೆ916, ಮತ್ತೆ ಅಂಕಿ ಅಕ್ಷರ ಸೇರಿ ಆರರ ಎಚ್‌ಯುಐಡಿ, ಅಂದರೆ ಆ ಒಡವೆಗಷ್ಟೇ ಇರುವ ಗುರುತು. 916 ಅಂದರೆ ಸಾವಿರಕ್ಕೆ 916 ಪಾಲು ಬಂಗಾರ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. 2 ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಆ ಆರನ್ನು ಅಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದೆ. ಒಡವೆ ಯಾವುದು, ಶುದ್ಧತೆ ಎಷ್ಟು, ಎಲ್ಲ ಬಂತು. ಕೈಯಲ್ಲಿ ಪಾಟ್ಲಿ ಇದ್ದು ಆ್ಯಪ್‌ನಲ್ಲಿ ಉಂಗುರ ಅಂತ ಬಂದರೆ ಎದ್ದು ಬನ್ನಿ.

ಬಂಗಾರ ಹೌದೋ ಅಲ್ವೋ ಅಂತ ಮ್ಯಾಗ್ನೆಟ್ ಹಿಡಿದು ನೋಡೋದು ಸುಮ್ನೆ. ತಾಮ್ರ, ಹಿತ್ತಾಳೆಗೂ ಅದು ಅಂಟಲ್ಲ, ಅಲ್ವಾ?

ಅವ್ವ ಮಾತ್ರ ಇನ್ನೂ ಆ 9 ಗ್ರಾಂ ಅರಗಿನ ಲೆಕ್ಕದಲ್ಲೇ ಇದ್ದಾಳೆ.