ಬ್ಯಾಟರಿ ಬದಲಿಸುವ ಮುಂಚೆ ಮೀಟರ್ ಹಿಡಿದೆ: ಸೆಕೆಂಡ್ ಹ್ಯಾಂಡ್ ಬೈಕಿನ ಚಾರ್ಜಿಂಗ್ ಕೆಲಸ

ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್ ಸದ್ದು. ಕಿಕ್ ಹೊಡೆದರೆ ಮಾತ್ರ ಸ್ಟಾರ್ಟ್. ಓಣಿಯಲ್ಲಿ ಎಲ್ಲರದೂ ಒಂದೇ ಮಾತು: "ಬ್ಯಾಟ್ರಿ ಹೋಗೇತ್ರಿ, ಹೊಸಾದು ಹಾಕಿಸ್ರಿ." ವಿಜಯಪುರದ ಬಿಸಿಲಿಗೆ ಬ್ಯಾಟರಿ ಬೇಗ ಸೊರಗುವುದು ನಿಜ. ಆದರೆ ಚಾರ್ಜಿಂಗ್ ಕೆಟ್ಟಿದ್ದರೆ ಹೊಸ ಬ್ಯಾಟರಿಯೂ ಹಾಗೇ ಕೂರುತ್ತದೆ, ಅಲ್ವಾ?

ಬೈಕ್ ನಿಂತಿದ್ದಾಗ ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ತೋರಿಸಿದ್ದು 12.0 ವೋಲ್ಟ್. ತುಂಬಿದ ಬ್ಯಾಟರಿ 12.6ರಿಂದ 12.8 ತೋರಿಸಬೇಕು. ಅಂದರೆ ಇದು ಬಹುತೇಕ ಖಾಲಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಯಾವ ಪರೀಕ್ಷೆ ಮಾಡಿದರೂ ದಾರಿ ತಪ್ಪುತ್ತದೆ. 9 ಆಂಪಿಯರ್-ಅವರ್ ಬ್ಯಾಟರಿ, ಹಾಗಾಗಿ 0.9 ಆಂಪಿಯರ್‌ನಲ್ಲಿ ನಿಧಾನವಾಗಿ ರಾತ್ರಿಯಿಡೀ ಚಾರ್ಜ್ ಹಾಕಿದೆ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ನೋಡಿದರೆ 12.7. ಸೆಲ್ಫ್ ಒತ್ತಿದಾಗ 10.4ಕ್ಕಿಂತ ಕೆಳಗೆ ಇಳಿಯಲಿಲ್ಲ. ಸುಮಾರು 9.6ಕ್ಕಿಂತ ಕೆಳಗೆ ಕುಸಿದರೆ ಅನುಮಾನ ಪಡಬೇಕು. ಬ್ಯಾಟರಿ ಚೆನ್ನಾಗಿಯೇ ಇದೆ.

ಎಂಜಿನ್ ಚಾಲೂ ಮಾಡಿ 4000 ಆರ್‌ಪಿಎಂಗೆ ಏರಿಸಿದೆ. 13.5ರಿಂದ 14.5ರ ನಡುವೆ ಬರಬೇಕಿದ್ದದ್ದು 12.5ರಲ್ಲೇ ನಿಂತಿತು. ಇದು 2017ರ ಏಪ್ರಿಲ್ ನಂತರದ ಬೈಕ್, ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ. 35 ವಾಟ್ ಬಲ್ಬೊಂದೇ ಸುಮಾರು 3 ಆಂಪಿಯರ್ ಎಳೆಯುತ್ತದೆ. ನನ್ನ ಓಡಾಟ ಗೋಳಗುಮ್ಮಟದ ಕಡೆಯಿಂದ ಇಬ್ರಾಹಿಂ ರೋಜಾ ಕಡೆಗೆ, ಎಲ್ಲ ಊರೊಳಗೇ. ನಡುನಡುವೆ ನಿಲ್ಲಿಸಿ ಮತ್ತೆ ಸೆಲ್ಫ್ ಒತ್ತುತ್ತೇನೆ. ಬ್ಯಾಟರಿಗೆ ತಿರುಗಿ ತುಂಬಲು ಅವಕಾಶವೇ ಇರಲಿಲ್ಲ.

ಮುಂದಿನದು ಮ್ಯಾಗ್ನೆಟ್ ಕಾಯಿಲ್, ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ. ಅಲ್ಲಿಂದ ಆರ್‌ಆರ್ ಯುನಿಟ್‌ಗೆ (ರೆಗ್ಯುಲೇಟರ್-ರೆಕ್ಟಿಫೈಯರ್, ಕಾಯಿಲಿನ ಎಸಿ ಕರೆಂಟನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ಡಬ್ಬಿ) ಹೋಗುವ ಮೂರು ಹಳದಿ ವೈರ್‌ಗಳ ಕಪ್ಲರ್, ಅಂದರೆ ಜೋಡಿಸುವ ಪ್ಲಗ್, ಬಿಚ್ಚಿದೆ. ಒಂದು ಪಿನ್ ಕರಿಕಾಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಿತ್ತು. ಪಿನ್ ಸಡಿಲವಾದರೆ ಅಲ್ಲಿ ರೆಸಿಸ್ಟೆನ್ಸ್ ಏರುತ್ತದೆ, ಬಿಸಿಯಾಗುತ್ತದೆ, ಬಿಸಿಗೆ ಇನ್ನೂ ಸಡಿಲವಾಗುತ್ತದೆ. ಒಂದು ಫೇಸ್, ಅಂದರೆ ಮೂರರಲ್ಲಿ ಒಂದು ವೈರ್‌ನ ದಾರಿ, ಕಡಿದರೆ ಚಾರ್ಜಿಂಗ್ ಪೂರ್ತಿ ನಿಲ್ಲುವುದಿಲ್ಲ, ಸಾಕಾಗುವುದಿಲ್ಲ ಅಷ್ಟೇ. ಈ ಅರೆಬರೆ ಚಾರ್ಜಿಂಗ್‌ನಿಂದಲೇ ಎಲ್ಲರ ಕಣ್ಣೂ ಬ್ಯಾಟರಿ ಮೇಲೆ ಬೀಳುತ್ತದೆ.

ಕಾಯಿಲ್ ಸುಟ್ಟಿದ್ದರೆ ಬರೀ ಕಪ್ಲರ್ ಹಾಕಿ ಪ್ರಯೋಜನವಿಲ್ಲ. ಅದಕ್ಕೆ ಕಾಯಿಲ್ ಕಡೆಯಿಂದ ಎರಡೆರಡು ವೈರ್‌ಗಳ ನಡುವೆ ಎಸಿ ವೋಲ್ಟೇಜ್ ನೋಡಿದೆ. ಮೂರು ಜೋಡಿಯಲ್ಲೂ ಹೆಚ್ಚು ಕಡಿಮೆ ಒಂದೇ. ಇಲ್ಲಿ ಅಂಕಿಗಿಂತ ಈ ಸಮಾನತೆ ಮುಖ್ಯ. ಎಂಜಿನ್ ಬಂದ್ ಮಾಡಿ ವೈರ್ ಮತ್ತು ಬೈಕಿನ ಬಾಡಿಯ ನಡುವೆ ರೆಸಿಸ್ಟೆನ್ಸ್ ನೋಡಿದರೆ ಓಪನ್, ಅಂದರೆ ಕಾಯಿಲ್ ಎಲ್ಲೂ ಬಾಡಿಯನ್ನು ತಾಗುತ್ತಿಲ್ಲ. ಕಾಯಿಲ್ ಉಳಿದಿದೆ ಅಂತ ತುಂಬಾ ಖುಷಿಯಾಯಿತು!

ಸುಟ್ಟ ತುದಿ ಕತ್ತರಿಸಿ, ದಪ್ಪ ಪಿನ್ ಇರುವ ಹೊಸ ಕಪ್ಲರ್ ಕ್ರಿಂಪ್ ಮಾಡಿ ಹಾಕಿದೆ. ಈಗ 4000 ಆರ್‌ಪಿಎಂನಲ್ಲಿ 14.1, ಹೆಡ್‌ಲೈಟ್ ಉರಿಯುತ್ತಿದ್ದರೂ. ಅಂದರೆ ಆರ್‌ಆರ್ ಕೂಡ ತನ್ನ ಕೆಲಸ ಮಾಡುತ್ತಿದೆ.

ಇನ್ನೊಂದು ಅನುಮಾನ ಉಳಿದಿತ್ತು: ಬೈಕ್ ನಿಂತಿದ್ದಾಗಲೂ ಕರೆಂಟ್ ಸೋರುತ್ತಿದೆಯಾ? ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ನಡುವೆ ಮೀಟರನ್ನು ಮಿಲಿಆಂಪಿಯರ್‌ನಲ್ಲಿ ಇಟ್ಟೆ. ಹೀಗಿರುವಾಗ ಸೆಲ್ಫ್ ಮುಟ್ಟಲೇಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. 18 ಮಿಲಿಆಂಪಿಯರ್ ಸೋರುತ್ತಿತ್ತು. ಹಿಂದಿನ ಮಾಲೀಕರು ಹ್ಯಾಂಡಲ್‌ಗೆ ಹಾಕಿಸಿದ ಮೊಬೈಲ್ ಚಾರ್ಜರ್ ನೇರ ಬ್ಯಾಟರಿಗೆ ಜೋಡಿಸಲಾಗಿತ್ತು, ಅದರ ಕೆಂಪು ದೀಪ ಹಗಲೂ ರಾತ್ರಿ ಉರಿಯುತ್ತಿತ್ತು. ಬೈಕ್ ಸುಮ್ನೆ ನಿಂತರೂ ತುಂಬಿದ ಬ್ಯಾಟರಿ ಸುಮಾರು 20 ದಿನದಲ್ಲಿ ಖಾಲಿ. ಚಾರ್ಜರ್ ಬಿಚ್ಚಿ ನೋಡಿದಾಗ 1 ಮಿಲಿಆಂಪಿಯರ್‌ಗೆ ಇಳಿಯಿತು.

ಸದ್ಯಕ್ಕೆ ಅದನ್ನು ಬಿಚ್ಚಿಯೇ ಇಟ್ಟಿದ್ದೇನೆ. ಈ ಭಾನುವಾರ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿ, ಕೀ ಆನ್ ಆದಾಗ ಮಾತ್ರ ಚಾರ್ಜರ್‌ಗೆ ಕರೆಂಟ್ ಹೋಗುವಂತೆ ಮಾಡಬೇಕು.