ಸಿಂಥಸೈಜರ್ ಇಲ್ಲದೆ ಶುರುವಾದವನು

ಈ ವಾರವಿಡೀ ಕಿವಿಯಲ್ಲಿ ಬರ್ಲಿನ್ನಿನ ಕ್ಲೌಸ್ ಶುಲ್ಟ್ಸೆ. ಎಲೆಕ್ಟ್ರಾನಿಕ್ ಸಂಗೀತದ ಹಿರಿಯರ ಸಾಲಿನಲ್ಲಿ ನಿಲ್ಲುವ ಈತ ಮೊದಲಿಗೆ ಡ್ರಮ್ಮರ್. ಟ್ಯಾಂಜರೀನ್ ಡ್ರೀಮ್ ತಂಡದ 1970ರ ಚೊಚ್ಚಲ ಆಲ್ಬಂನಲ್ಲಿ ಡ್ರಮ್ ಬಾರಿಸಿ, ಆಶ್ ರಾ ಟೆಂಪಲ್ ಎಂಬ ಇನ್ನೊಂದು ತಂಡದಲ್ಲಿ ಸ್ವಲ್ಪ ಕಾಲವಿದ್ದು, ಆಮೇಲೆ ಒಂಟಿಯಾಗಿ ಹೊರಟ.

1972ರ ‘ಇರ್‌ಲಿಶ್ಟ್’ ಅವನ ಮೊದಲ ಸ್ವಂತ ಆಲ್ಬಂ. ಅದರಲ್ಲಿ ಸಿಂಥಸೈಜರ್, ಅಂದರೆ ಎಲೆಕ್ಟ್ರಾನಿಕ್ ಆಗಿ ಬಗೆಬಗೆಯ ಧ್ವನಿ ಹುಟ್ಟಿಸುವ ವಾದ್ಯ, ಇಲ್ಲವೇ ಇಲ್ಲ! ಬಿಚ್ಚಿ ಬದಲಾಯಿಸಿದ ಒಂದು ಎಲೆಕ್ಟ್ರಿಕ್ ಆರ್ಗನ್, ಕೆಟ್ಟುಹೋದ ಆಂಪ್ಲಿಫೈಯರ್, ಆರ್ಕೆಸ್ಟ್ರಾ ತಾಲೀಮಿನ ಧ್ವನಿಮುದ್ರಣ, ಅದೂ ಹಿಂದುಮುಂದಾಗಿ ತಿರುಗಿಸಿದ್ದು. ಇಷ್ಟೇ ಬಂಡವಾಳ. ತಂತಿವಾದ್ಯಗಳು ಎಲ್ಲಿ ಮುಗಿದು ಆರ್ಗನ್ ಎಲ್ಲಿ ಶುರುವಾಯಿತೆಂದು ಎಷ್ಟು ಕಿವಿಗೊಟ್ಟರೂ ತಿಳಿಯುವುದಿಲ್ಲ. ಕೈಯಲ್ಲಿ ಕಾಸಿಲ್ಲದ ಹುಡುಗನ ಹಟ ಎಂದರೆ ಇದು.

1975ರ ‘ಟೈಮ್‌ವಿಂಡ್’ ಹೊತ್ತಿಗೆ ಸೀಕ್ವೆನ್ಸರ್ ಬಂತು. ಕೆಲವೇ ಸ್ವರಗಳ ಸಾಲನ್ನು ಈ ಯಂತ್ರ ಸುತ್ತಿಸುತ್ತಲೇ ಇರುತ್ತದೆ. ಇವನು ಗುಂಡಿಗಳನ್ನು ತಿರುಗಿಸುತ್ತಾ ಅದರ ಬಣ್ಣವನ್ನು ಅವಸರವಿಲ್ಲದೆ ಬದಲಿಸುತ್ತಾನೆ. ಎಲ್‌ಪಿಯ ಒಂದೊಂದು ಮಗ್ಗುಲಿಗೂ ಒಂದೇ ಕೃತಿ, ಹೆಚ್ಚುಕಡಿಮೆ ಅರ್ಧ ಗಂಟೆ. ಎರಡರ ಹೆಸರೂ ಜರ್ಮನ್ ಒಪೆರಾ ಸಂಗೀತಕಾರ ವ್ಯಾಗ್ನರ್‌ನತ್ತಲೇ ಬೊಟ್ಟು ಮಾಡುತ್ತವೆ. ಫ್ರಾನ್ಸಿನವರು ಇದಕ್ಕೆ ‘ಗ್ರಾಂ ಪ್ರಿ ದ್ಯು ದಿಸ್ಕ್’ ಎಂಬ ಧ್ವನಿಮುದ್ರಣ ಪ್ರಶಸ್ತಿ ಕೊಟ್ಟು ಗೌರವಿಸಿದರು.

ಎಂಬತ್ತರ ದಶಕದ ಡಿಜಿಟಲ್ ಆಲ್ಬಂಗಳು ನನಗೇನೋ ಅಷ್ಟು ರುಚಿಸಲಿಲ್ಲ, ಅಭಿಮಾನಿಗಳು ಬೈದುಕೊಳ್ಳಲಿ. ಆದರೆ ಇಂದಿನ ಟ್ರಾನ್ಸ್ ಎಂಬ ಕುಣಿತದ ಎಲೆಕ್ಟ್ರಾನಿಕ್ ಸಂಗೀತ, ಆಂಬಿಯೆಂಟ್ ಎಂಬ ನಿಧಾನದ ಹಿನ್ನೆಲೆ ಸಂಗೀತ ಎರಡರಲ್ಲೂ ಅವನ ಸಾಲ ಎದ್ದು ಕಾಣುತ್ತದೆ.

ಮರಳುಗಾಡಿನ ಗ್ರಹವೊಂದರ ಕಥೆಯಾದ ‘ಡ್ಯೂನ್’ ಎಂಬ ವೈಜ್ಞಾನಿಕ ಕಾದಂಬರಿ ಅವನನ್ನು ಬಿಟ್ಟದ್ದೇ ಇಲ್ಲ. 1979ರಲ್ಲಿ ಅದೇ ಹೆಸರಿನ ಆಲ್ಬಂ ಮಾಡಿದ್ದ. 2022ರ ಏಪ್ರಿಲ್‌ನಲ್ಲಿ, 74ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅದೇ ಮರಳುಗಾಡಿನ ‘ಡೇಯುಸ್ ಅರಾಕಿಸ್’ ಸಿದ್ಧವಾಗಿತ್ತು, ಜುಲೈನಲ್ಲಿ ಹೊರಬಂತು. ಮುಂದಿನ ಸರದಿ ಅದರದ್ದು.